ಹೊಸತೊಡಕಿನ ಗುಡ್ಡೆಯಲ್ಲಿ ಲಿವರ್, ಬೋಟಿ, ಗುಂಡಿಗೆ, ಕಿಡ್ನಿ: ಮಾಡೋದು ಹೇಗೆ, ರುಚಿ ಹತ್ತಿಸಿಕೊಳ್ಳೋದು ಹೇಗೆ?

ಚಿಂಚವಾಡ ಅಡುಗೆಮನೆ (ಪುಣೆ)

ಎಲ್ಲರಿಗೂ ನಮಸ್ಕಾರ. ಈ ಸಲ ಹೊಸತೊಡಕಿಗೆ ನಮ್ಮ ಕಡೆಯ ಐದಾರು ಮನೆಯವರು ಸೇರಿ ಒಂದು ಇಡೀ ಮರಿ ತೆಗೆದುಕೊಳ್ಳೋಣ ಅಂತ ಮಾತಾಗಿದೆ. ಇಲ್ಲಿ ಗುಡಿ ಪಾಡ್ವಾದ (ನಮ್ಮ ಯುಗಾದಿಯ) ಮಾರನೇ ದಿನ ಮಟನ್ ಅಂಗಡಿ ತೆಗೆದಿರುತ್ತದೆ, ಅಂಗಡಿಯವರೂ ಒಪ್ಪಿದ್ದಾರೆ. ಊರಲ್ಲಿ ಮಾಡುವ ಹಾಗೆ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಪ್ರತಿ ಗುಡ್ಡೆಗೂ ತೊಡೆ, ಎದೆ, ಮೂಳೆ ಜೊತೆ ಲಿವರ್, ಬೋಟಿ (ಹೊಟ್ಟೆ, ಕರುಳು), ಗುಂಡಿಗೆ, ಕಿಡ್ನಿ ಎಲ್ಲದರ ಪಾಲೂ ಬೀಳಬೇಕು.

ತೊಡಕು ಅಲ್ಲೇ ಇರುವುದು. ಅರ್ಧ ಜನ "ಒಳಗಿನದೆಲ್ಲ ಬೇಡ, ಅಂಗಡಿಯವರಿಗೇ ಬಿಟ್ಟುಬಿಡಿ" ಅನ್ನುತ್ತಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ. ಒಂದು ಜೀವ ತೆಗೆದ ಮೇಲೆ ತೊಡೆ ಮಾತ್ರ ಬೇಕು, ಉಳಿದದ್ದು ಬೇಡ ಅನ್ನುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಆದರೆ ನಾನು ಬೆಳೆದದ್ದು ಬೇಯಿಸಿದ ಕೋಳಿ ಬಿಟ್ಟು ಬೇರೇನೂ ಬಾರದ ಮನೆಯಲ್ಲಿ. ಹಾಗಾಗಿ ಸುಮ್ನೆ ವಾದ ಮಾಡುವ ಬದಲು ಮಾಡಿ ತೋರಿಸಬೇಕು ಅಂತ ಇದೆ.

ಯಾವುದರಿಂದ ಶುರು ಮಾಡಲಿ? ವಾಸನೆ ಹೋಗುವುದು ಹೇಗೆ? ಮಕ್ಕಳಿಗೆ ಕೊಡಬಹುದಾ? ಗುಂಪಿನಲ್ಲಿ ನನ್ನ ನಾದಿನಿ ಬಸುರಿ, ಪಕ್ಕದ ಮನೆಯ ಅಣ್ಣನಿಗೆ ಯೂರಿಕ್ ಆಸಿಡ್ ಇದೆ. ಅವರಿಗೆ ಏನು ಹೇಳಲಿ?

ಕುಂದಾಪ್ರ ಕಾವಲಿ (ಫೋರ್ಟ್, ಮುಂಬೈ)

ಅಕ್ಕ, ಒಳ್ಳೆಯ ಕೆಲಸ. ಹೋಟೆಲ್ ಅಡುಗೆಮನೆಯಲ್ಲಿ ಬಹಳ ವರ್ಷ ಒಲೆ ಮುಂದೆ ನಿಂತವನು ನಾನು. ಒಂದು ಮಾತು ಮೊದಲೇ ಹೇಳುತ್ತೇನೆ. "ಒಳಗಿನದು" ಅಂತ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಬೇಡಿ. ಅಲ್ಲೇ ಜನರಿಗೆ ಬೇಡವಾಗುವುದು. ಲಿವರ್‌ಗೆ ನಾಲ್ಕೈದು ನಿಮಿಷ ಸಾಕು. ಬೋಟಿಗೆ ಮುಕ್ಕಾಲು ಗಂಟೆ ಬೇಕು. ಎರಡನ್ನೂ ಒಟ್ಟಿಗೆ ಬೇಯಿಸಿದರೆ ಒಂದು ಕೆಡುತ್ತದೆ, ಇನ್ನೊಂದು ಬೇಯುವುದೇ ಇಲ್ಲ. ಪ್ರತಿಯೊಂದಕ್ಕೂ ಅದರದೇ ಹದ ಇದೆ.

ಶುರು ಮಾಡುವುದು ಗುಂಡಿಗೆಯಿಂದ. ಅದು ಬರೀ ಮಾಂಸಖಂಡ. ವಾಸನೆ ಇಲ್ಲ, ಮೆತ್ತಗೂ ಇಲ್ಲ. ಉದ್ದಕ್ಕೆ ಸೀಳಿ, ಒಳಗೆ ಹೆಪ್ಪುಗಟ್ಟಿದ ರಕ್ತ ತೊಳೆದು, ಮೇಲಿನ ಬಿಳಿ ನಳಿಕೆ, ಕೊಬ್ಬು ತೆಗೆದು ತೆಳ್ಳಗೆ ಕತ್ತರಿಸಿ. ಮಟನ್ ಸಾರಿನ ಜೊತೆಗೇ ಹಾಕಿ. ತಿನ್ನುವವರಿಗೆ ಬೇರೆ ಏನೋ ತಿಂದ ಹಾಗೆ ಅನಿಸುವುದೇ ಇಲ್ಲ.

ಆಮೇಲೆ ಲಿವರ್. ಇದರಲ್ಲಿ ಆಯ್ಕೆಯೇ ಅರ್ಧ ಅಡುಗೆ. ಹೊಳಪು ಇರಬೇಕು, ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆ ಬರಬೇಕು. ಬಿಳಿ ಗಂಟು ಅಥವಾ ನೀರು ತುಂಬಿದ ಗುಳ್ಳೆ ಕಂಡರೆ ತೆಗೆದುಕೊಳ್ಳಲೇಬೇಡಿ, ಅದು ಹುಳುವಿನ ಗುರುತು. ಎಲ್ಲಾದರೂ ಹಸಿರು ಕಲೆ ಇದ್ದರೆ ಪಿತ್ತ ಚೆಲ್ಲಿದೆ ಅಂತ ಅರ್ಥ. ಅಷ್ಟು ಭಾಗ ಕತ್ತರಿಸಿ ಬಿಸಾಡಿ, ಇಲ್ಲದಿದ್ದರೆ ಇಡೀ ಪಲ್ಯ ಕಹಿ.

ಮನೆಗೆ ತಂದ ಮೇಲೆ ಅಂಚಿನಲ್ಲಿ ಉಗುರು ತೂರಿಸಿ ಮೇಲಿನ ಪೊರೆ ಎಳೆಯಿರಿ. ತಾಜಾ ಇದ್ದರೆ ಸಲೀಸಾಗಿ ಬರುತ್ತದೆ. ಆ ಪೊರೆ ಬಿಟ್ಟರೆ ಬಿಸಿ ತಾಗಿದಾಗ ಅದು ಮುದುಡಿ ತುಂಡನ್ನು ಸುರುಳಿ ಮಾಡಿಬಿಡುತ್ತದೆ. ದಪ್ಪ ನರ ತೆಗೆಯಿರಿ. ಅರ್ಧ ಬೆರಳ ದಪ್ಪಕ್ಕೆ ಕತ್ತರಿಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒದ್ದೆ ಇದ್ದರೆ ಹುರಿಯುವುದಿಲ್ಲ, ಬೇಯುತ್ತದೆ.

ಮಸಾಲೆ ಮೊದಲೇ ಬೇರೆ ಬಾಣಲೆಯಲ್ಲಿ ಮುಗಿಸಿಕೊಳ್ಳಿ. ನಮ್ಮ ಕಡೆ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ, ಕೊತ್ತಂಬರಿ ಬೀಜ, ಜೀರಿಗೆ, ಜಾಸ್ತಿ ಕಾಳುಮೆಣಸು, ಕೊನೆಗೆ ಒಂದು ಹಿಡಿ ಕಾಯಿತುರಿ. ಈಗ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಬೇಕು. ಎಣ್ಣೆ ಹಾಕಿ, ತುಂಡುಗಳನ್ನು ಬಿಡಿಬಿಡಿಯಾಗಿ ಇಡಿ. ಒಮ್ಮೆಗೆ ಎಂಟು ಹತ್ತು, ಅದಕ್ಕಿಂತ ಜಾಸ್ತಿ ಬೇಡ. ತಳ ಕಂದಾಗುವವರೆಗೆ ಮುಟ್ಟಬೇಡಿ. ಎರಡು ನಿಮಿಷಕ್ಕೆ ತಿರುಗಿಸಿ, ಇನ್ನೊಂದು ಬದಿ ಎರಡು ನಿಮಿಷ. ಮಧ್ಯದ ಕೆಂಪು ಆಗಷ್ಟೇ ಹೋಗಿರಬೇಕು. ತಕ್ಷಣ ಮಸಾಲೆಗೆ ಹಾಕಿ, ಉಪ್ಪು ಹಾಕಿ, ಕಲಸಿ, ಒಲೆ ಆರಿಸಿ, ಮೇಲೆ ಲಿಂಬೆ ಹಿಂಡಿ. ನೀರ್ ದೋಸೆ ಜೊತೆ ತಿನ್ನಿ.

ಹೀಗೆ ಮಾಡಿದ ಲಿವರ್ ಸ್ವಲ್ಪ ಸಿಹಿ ಇರುತ್ತದೆ. ಪ್ರಾಣಿ ತನ್ನ ಸಕ್ಕರೆಯನ್ನು ಅಲ್ಲೇ ಕೂಡಿಟ್ಟಿರುತ್ತದೆ. ಆ ಸಿಹಿ ಬಾಯಿಗೆ ಸಿಕ್ಕವರು ಮತ್ತೆ ಕೇಳುತ್ತಾರೆ.

ಹೊಸಬ ಕಲ್ಯಾಣ್

ಅಣ್ಣ, ಉಪ್ಪು ಕೊನೆಗೆ ಯಾಕೆ? ಮೊದಲೇ ಹಾಕಿದರೆ ಲಿವರ್ ಕಲ್ಲಾಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಹೌದಾ? ಇನ್ನೊಂದು, ಹಾಲಲ್ಲಿ ನೆನೆಸಬೇಕು ಅಂತಾರಲ್ಲ?

ಕುಂದಾಪ್ರ ಕಾವಲಿ

ಅಜ್ಜಿ ಹೇಳಿದ್ದರಲ್ಲಿ ಹುರುಳಿದೆ. ಉಪ್ಪು ಹಚ್ಚಿ ಇಟ್ಟರೆ ನೀರು ಬಿಡುತ್ತದೆ. ಆ ನೀರು ಕಾವಲಿಗೆ ಬಿದ್ದು ಶಾಖ ಇಳಿಯುತ್ತದೆ. ಕಂದು ಬಣ್ಣ ಬರಲಿ ಅಂತ ಇನ್ನೂ ಐದು ನಿಮಿಷ ಇಡುತ್ತೇವೆ, ಅಷ್ಟರಲ್ಲಿ ಗಟ್ಟಿ. ಕೆಡಿಸುವುದು ಆ ಹೆಚ್ಚಿನ ಐದು ನಿಮಿಷ.

ಹಾಲು ಬೇಕಾದರೆ ಅರ್ಧ ಗಂಟೆ ನೆನೆಸಿ, ವಾಸನೆ ಕಡಿಮೆಯಾಗುವುದು ನಿಜ. ಮಜ್ಜಿಗೆಯೂ ನಡೆಯುತ್ತದೆ. ಬೆಳಿಗ್ಗೆ ಕೊಯ್ದು ಮಧ್ಯಾಹ್ನದೊಳಗೆ ಮಾಡುವುದಾದರೆ ನನ್ನ ಪ್ರಕಾರ ಎರಡೂ ಬೇಡ.

ಮೀರಾ ರೋಡ್ ಮಂದಿ

ನಾನು ಒಪ್ಪುವುದಿಲ್ಲ ಅಣ್ಣ. ಹೊಸಬರು ಮಟನ್ ಲಿವರ್‌ಗೆ ಹೋಗುವ ಮೊದಲು ಕೋಳಿಯದು ಮಾಡಲಿ. ಇಲ್ಲಿ ಯಾವ ಚಿಕನ್ ಅಂಗಡಿಯಲ್ಲಾದರೂ ಪೋಟಾ ಕಲೇಜಿ (ಕೋಳಿಯ ಗಟ್ಟಿ ಜಠರ ಮತ್ತು ಲಿವರ್) ಅಂತ ಕೇಳಿದರೆ ಕೊಡುತ್ತಾರೆ, ಬೆಲೆಯೂ ಕಡಿಮೆ. ಲಿವರ್ ಮೆತ್ತಗೆ, ಪೋಟಾ ಗರಿಗರಿಯಾಗಿ ಅಗಿಯಲು ಸಿಗುತ್ತದೆ. ಪೋಟಾವನ್ನು ಮೊದಲು ಕುಕ್ಕರಿನಲ್ಲಿ ಮೂರು ನಾಲ್ಕು ಕೂಗು ಕೂಗಿಸಿ, ಆಮೇಲೆ ಲಿವರ್ ಸೇರಿಸಿ ಹುರಿದರೆ ಎರಡೂ ಹದಕ್ಕೆ ಬರುತ್ತವೆ. ಪಾರ್ಸಿಗಳು ಇದನ್ನೇ ಟೊಮೆಟೊ, ಈರುಳ್ಳಿ ಹಾಕಿ ಅಲೇಟಿ ಪಲೇಟಿ ಅಂತ ಮಾಡುತ್ತಾರೆ. ಪಾವ್ ಜೊತೆ ಬಹಳ ಚೆನ್ನಾಗಿರುತ್ತದೆ.

ಪಥ್ಯ ಠಾಣೆ

ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಒಂದು ಎಚ್ಚರಿಕೆ ಸೇರಿಸಬೇಕು. ಕೋಳಿ ಲಿವರ್ ಮಧ್ಯದಲ್ಲಿ ಕೆಂಪು ಇರಲೇಬಾರದು. ಅದರ ಒಳಗೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುತ್ತವೆ, ಹೊರಗೆ ಮಾತ್ರ ಅಲ್ಲ. ಪೂರ್ತಿ ಬೇಯಿಸಿ.

ಈಗ ಚಿಂಚವಾಡದ ಅಕ್ಕನ ಪ್ರಶ್ನೆ. ನಾದಿನಿಗೆ ಲಿವರ್ ಬೇಡ. ಇದು ಮೂಢನಂಬಿಕೆ ಅಲ್ಲ. 100 ಗ್ರಾಂ ಕುರಿ ಲಿವರ್‌ನಲ್ಲಿ ವಿಟಮಿನ್ ಎ ಸುಮಾರು 7,000 ಮೈಕ್ರೋಗ್ರಾಂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1,000ದ ಒಳಗೆ. ಲಿವರ್‌ನಲ್ಲಿರುವುದು ನೇರ ರೆಟಿನಾಲ್, ಅಂದರೆ ದೇಹ ಹಾಗೇ ಬಳಸಿಕೊಳ್ಳುವ ವಿಟಮಿನ್ ಎ, ಕ್ಯಾರೆಟ್‌ನಲ್ಲಿರುವ ಥರದ್ದಲ್ಲ. ಅದು ವಿಪರೀತವಾದರೆ ಹೊಟ್ಟೆಯಲ್ಲಿರುವ ಮಗುವಿನ ಬೆಳವಣಿಗೆಗೆ ತೊಂದರೆ. ಅವರಿಗೆ ಗುಂಡಿಗೆ ಕೊಡಿ, ಚೆನ್ನಾಗಿ ಬೇಯಿಸಿ. ಉಳಿದವರು ವಾರಕ್ಕೊಮ್ಮೆ ತಿಂದರೆ ಸಾಕು. ಮಕ್ಕಳಿಗೆ ಒಂದೆರಡು ಚಿಕ್ಕ ತುಂಡು.

ಯೂರಿಕ್ ಆಸಿಡ್ ಇರುವ ಅಣ್ಣ ಲಿವರ್, ಕಿಡ್ನಿ, ಮಿದುಳು ಮೂರನ್ನೂ ಬಿಡಬೇಕು. ಇವುಗಳಲ್ಲಿ ಪ್ಯೂರಿನ್ (ದೇಹದಲ್ಲಿ ಯೂರಿಕ್ ಆಸಿಡ್ ಆಗುವ ಅಂಶ) ಜಾಸ್ತಿ, ಕಾಲಿನ ಹೆಬ್ಬೆರಳು ಊದಿಕೊಂಡು ರಾತ್ರಿಯಿಡೀ ನಿದ್ದೆ ಇರುವುದಿಲ್ಲ. ಕೊಲೆಸ್ಟ್ರಾಲ್‌ಗೆ ಮಾತ್ರೆ ತಿನ್ನುವವರೂ ಮಿದುಳಿಂದ ದೂರ ಇರಲಿ.

ಹೊಸಬ ಕಲ್ಯಾಣ್

ಲಿವರ್ ಅಂದರೆ ದೇಹದ ಜರಡಿ, ವಿಷವೆಲ್ಲ ಅಲ್ಲೇ ಕೂತಿರುತ್ತದೆ ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ಅದಕ್ಕೇ ಯಾರೂ ಮುಟ್ಟುವುದಿಲ್ಲ.

ಪಥ್ಯ ಠಾಣೆ

ತುಂಬಾ ಜನ ಕೇಳುವ ಪ್ರಶ್ನೆ ಇದು, ಕೇಳಿದ್ದು ಒಳ್ಳೆಯದಾಯಿತು. ಲಿವರ್ ಬೇಡದ್ದನ್ನು ಬದಲಾಯಿಸಿ ಹೊರಗೆ ಕಳಿಸುವ ಅಂಗ. ಅದು ಮುಖ್ಯವಾಗಿ ಕೂಡಿಡುವುದು ಕಬ್ಬಿಣ, ವಿಟಮಿನ್ ಎ, ಬಿ12 ಇವನ್ನು. ಹೀಗಾಗಿಯೇ ಅದಕ್ಕೆ ಅಷ್ಟು ಕಸುವು. ಪ್ರಾಣಿ ರೋಗದ್ದಾಗಿರಬಾರದು, ಅಷ್ಟೇ. ಗಂಟು, ಗುಳ್ಳೆ ನೋಡಿ ಅಂತ ಕುಂದಾಪುರದ ಅಣ್ಣ ಹೇಳಿದ್ದು ಅದಕ್ಕೇ.

ಇದರ ಹಿಂದೆ ದೊಡ್ಡ ಕಥೆಯಿದೆ. ಮೊದಲು ಒಂದು ಬಗೆಯ ರಕ್ತಹೀನತೆ ಬಂದರೆ ಸಾವೇ ಗತಿ ಅನ್ನುವ ಕಾಲ ಇತ್ತು. 1926ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ ಅನ್ನುವ ವೈದ್ಯರು ಅಂಥ ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿದರು, ಜನ ಬದುಕಿದರು. ಅವರಿಬ್ಬರಿಗೂ, ಅವರಿಗಿಂತ ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿದ್ದ ವಿಪಲ್ ಅವರಿಗೂ 1934ರಲ್ಲಿ ನೊಬೆಲ್ ಬಂತು. ಲಿವರ್‌ನಲ್ಲಿ ಕೆಲಸ ಮಾಡಿದ್ದು ಬಿ12 ಅಂತ ಗೊತ್ತಾಗಿದ್ದು 1948ರಲ್ಲಿ. ನಮಗೆ ದಿನಕ್ಕೆ ಬೇಕಾದ ಬಿ12 ಎರಡೂವರೆ ಮೈಕ್ರೋಗ್ರಾಂಗಿಂತ ಕಡಿಮೆ. 100 ಗ್ರಾಂ ಕುರಿ ಲಿವರ್‌ನಲ್ಲಿ ಸುಮಾರು 90 ಇದೆ.

ಹಾಗಂತ ಇದನ್ನು ಔಷಧಿ ಅಂತ ಮಕ್ಕಳ ಬಾಯಿಗೆ ತುರುಕಬೇಡಿ ದಯವಿಟ್ಟು. ಔಷಧಿ ಅಂದದ್ದನ್ನು ಮಕ್ಕಳು ಜೀವನಪೂರ್ತಿ ದ್ವೇಷಿಸುತ್ತಾರೆ.

ಮುದ್ದೆ ಹಡಪ್ಸರ್ (ಪುಣೆ)

ಬೋಟಿ ಬಗ್ಗೆ ಯಾರೂ ಮಾತಾಡಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಮಂಡ್ಯದ ಕಡೆಯವನು. ನಮ್ಮಲ್ಲಿ ಹೊಸತೊಡಕಿಗೆ ಬೋಟಿ ಗೊಜ್ಜು ಇಲ್ಲದಿದ್ದರೆ ಹಬ್ಬ ಮಾಡಿದ ಹಾಗೇ ಅಲ್ಲ.

ಇಲ್ಲಿನ ಅಂಗಡಿಯಲ್ಲಿ ವಜಡಿ ಅಂತ ಕೇಳಿ. ಬೋಟಿ ಅಂದರೆ ಮಾಂಸದ ತುಂಡು ಕೊಡುತ್ತಾರೆ. "ಸಾಫ್ ಮಾಡಿ ಕೊಡಿ" ಅಂದರೆ ಬಿಸಿನೀರಲ್ಲಿ ಅದ್ದಿ ಮೇಲಿನ ಕಪ್ಪು ಪದರ ಕೆರೆದು ಕೊಡುತ್ತಾರೆ. ಅದನ್ನು ನಂಬಿ ನೇರ ಕುಕ್ಕರಿಗೆ ಹಾಕಬೇಡಿ. ಮನೆಯಲ್ಲಿ ಇನ್ನೊಂದು ಸಲ ಮಾಡಲೇಬೇಕು, ವಾಸನೆ ಹೋಗುವುದು ಈ ಎರಡನೇ ಸಲದಲ್ಲೇ.

ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ. ಕುದಿ ಬರುವುದಕ್ಕೆ ಸ್ವಲ್ಪ ಮುಂಚೆ ಬೋಟಿ ಅದ್ದಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಕಪ್ಪು ಪದರ ಒಳಗೇ ಹಿಡಿದುಕೊಂಡುಬಿಡುತ್ತದೆ. ಮಣೆಯ ಮೇಲೆ ಹರಡಿ, ಚಾಕುವಿನ ಹಿಂಬದಿಯಿಂದ ಕೆರೆಯಿರಿ. ದಪ್ಪ ಹೊಟ್ಟೆಯ ಭಾಗ ಟರ್ಕಿ ಟವೆಲ್ ಹಾಗಿರುತ್ತದೆ, ಅದರ ಎಳೆಎಳೆಯ ಬುಡದಲ್ಲಿ ಕೊಳೆ ಕೂತಿರುತ್ತದೆ. ಪುಸ್ತಕದ ಹಾಳೆಯಂತೆ ಮಡಿಕೆ ಇರುವ ಭಾಗ ಇನ್ನೊಂದಿದೆ, ಅದರ ಒಂದೊಂದು ಹಾಳೆಯನ್ನೂ ಬಿಡಿಸಿ ನಲ್ಲಿ ಕೆಳಗೆ ಹಿಡಿಯಿರಿ. ಕರುಳನ್ನು ಒಂದು ಕಡ್ಡಿಯಿಂದ ಒಳಮೈ ಹೊರಗೆ ಮಾಡಿ ತೊಳೆಯಬೇಕು. ಆಮೇಲೆ ಕಲ್ಲುಪ್ಪು, ಅರಿಶಿನ, ಸ್ವಲ್ಪ ಅಕ್ಕಿಹಿಟ್ಟು ಹಾಕಿ ಬಟ್ಟೆ ಉಜ್ಜಿದ ಹಾಗೆ ಉಜ್ಜಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಕೊನೆಗೆ ಮೂಸಿ ನೋಡಿ. ಕೊಟ್ಟಿಗೆ ವಾಸನೆ ಇನ್ನೂ ಇದ್ದರೆ ಉಪ್ಪು ಅರಿಶಿನದ ನೀರಲ್ಲಿ ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ.

ಈಗ ಸಣ್ಣಗೆ ಕತ್ತರಿಸಿ ಶುಂಠಿ ಹಾಕಿ ಕುಕ್ಕರಿನಲ್ಲಿ ಎಂಟು ಹತ್ತು ಕೂಗು. ಎಳೆಮರಿಯಾದರೆ ಕಡಿಮೆ ಸಾಕು. ಕಡಲೆಬೇಳೆ ನೆನೆಸಿ ಅರೆಬೇಯಿಸಿ ಇಟ್ಟುಕೊಳ್ಳಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಹಾಕುತ್ತೇವೆ. ಇಲ್ಲಿ ವಾಲ್ ನೆನೆಸಿ ಮೊಳಕೆ ಬರಿಸಿ ಸಿಪ್ಪೆ ತೆಗೆದದ್ದು ಸಿಗುತ್ತದೆ, ಅದೂ ಅವರೆಯ ಜಾತಿಯದೇ, ಚೆನ್ನಾಗಿ ಹೊಂದುತ್ತದೆ. ಮಸಾಲೆಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಧನಿಯಾ, ಗಸಗಸೆ, ಕಾಯಿ ರುಬ್ಬಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಪುದೀನ. ಬೋಟಿಯನ್ನು ಎಣ್ಣೆಯಲ್ಲಿ ಮೊದಲು ಹುರಿದು, ಆಮೇಲೆ ರುಬ್ಬಿದ್ದು ಹಾಕಿ ಗಟ್ಟಿ ಗೊಜ್ಜು ಮಾಡಿ. ಮಂದಗೆ ಕುದ್ದಂತೆ ಬೋಟಿಯ ಅಂಟು ಬಿಟ್ಟು ಗೊಜ್ಜು ತಾನೇ ದಪ್ಪವಾಗುತ್ತದೆ. ಮುದ್ದೆಗೆ ಅಂಟಿಕೊಳ್ಳುವುದು ಅದೇ. ರಾಗಿಹಿಟ್ಟು ಇಲ್ಲಿ ನಾಚಣಿ ಅಂತ ಯಾವ ಗಿರಣಿಯಲ್ಲೂ ಸಿಗುತ್ತದೆ.

ಬೋಟಿ ತಿನ್ನುವುದಿಲ್ಲ ಅನ್ನುವವರಲ್ಲಿ ಜಾಸ್ತಿ ಜನ ಸರಿಯಾಗಿ ತೊಳೆಯದ ಬೋಟಿ ತಿಂದವರು. ಅದು ಅವರ ತಪ್ಪೂ ಅಲ್ಲ, ಬೋಟಿಯ ತಪ್ಪೂ ಅಲ್ಲ.

ಚಿಂಚವಾಡ ಅಡುಗೆಮನೆ

ಅಣ್ಣ, ಇದನ್ನು ಪ್ರಿಂಟ್ ತೆಗೆದು ಅಡುಗೆಮನೆಯಲ್ಲಿ ಅಂಟಿಸುತ್ತೇನೆ. ಆದರೆ ಅಷ್ಟೂ ಒಂದೇ ದಿನ ಮಾಡಲು ಆಗುವುದಿಲ್ಲ ಅಲ್ವಾ? ಯಾವುದು ಇಡಬಹುದು?

ಮುದ್ದೆ ಹಡಪ್ಸರ್

ಲಿವರ್, ಕಿಡ್ನಿ ಅವತ್ತೇ ಆಗಬೇಕು. ಬಕ್ರೀದ್ ದಿನ ಮುಸ್ಲಿಮರ ಮನೆಗಳಲ್ಲಿ ಮೊದಲು ಕಲೇಜಿಯನ್ನೇ ಒಲೆಗೆ ಇಡುವ ರೂಢಿ ಇರುವುದು ಸುಮ್ನೆ ಅಲ್ಲ. ಅದು ಬೇಗ ಬೇಯುತ್ತದೆ, ಬೇಗ ಕೆಡುತ್ತದೆ. ಬೋಟಿಯನ್ನು ತೊಳೆದು ಬೇಯಿಸಿ ಫ್ರೀಜರಿನಲ್ಲಿ ಇಟ್ಟರೆ ಮುಂದಿನ ಭಾನುವಾರಕ್ಕೂ ಆಗುತ್ತದೆ. ತೊಳೆಯದೆ ಮಾತ್ರ ಇಡಬೇಡಿ.

ಬಿಜಾಪುರ ವಾಸ್ಕೋ (ಗೋವಾ)

ಅಕ್ಕಾ, ನಾವು ಬಿಜಾಪುರ ಕಡೆಯವರು, ವಾಸ್ಕೋದಾಗ ಭಾಳ ವರ್ಷ ಆಯಿತು. ನಮ್ಮ ಮನೆಯಲ್ಲಿ ಇಂಥವನ್ನು ತಿನ್ನುವುದು ಕಲಿಸಿದ್ದು ಪಕ್ಕದ ಮನೆಯ ಗೋವಾದ ಕ್ರಿಶ್ಚಿಯನ್ ಬಾಯಿ. ಅವರ ಸೊರ್ಪತೆಲ್ ಗೊತ್ತಿರಬೇಕಲ್ಲ, ಹಂದಿ ಮಾಂಸ, ಲಿವರ್, ಗುಂಡಿಗೆ, ಹಳೆ ಪದ್ಧತಿಯಲ್ಲಿ ರಕ್ತ ಕೂಡ ಹಾಕಿ ಮಾಡುವುದು. ಪೋರ್ಚುಗೀಸರ ಜೊತೆ ಬಂದ ಅಡುಗೆ, ಬ್ರೆಜಿಲ್‌ನಲ್ಲೂ ಇದೇ ಹೆಸರಿನದ್ದು ಇದೆ. ಮಂಗಳೂರಿನ ಕ್ಯಾಥೊಲಿಕರೂ, ವಸಯಿಯ ಈಸ್ಟ್ ಇಂಡಿಯನ್ನರೂ (ಅಲ್ಲಿನ ಸ್ಥಳೀಯ ಕ್ಯಾಥೊಲಿಕರು) ತಮ್ಮ ತಮ್ಮ ಮಸಾಲೆ ಹಾಕಿ ಮಾಡುತ್ತಾರೆ.

ಹಂದಿ ತಿನ್ನದವರೂ ಅದರಿಂದ ಎರಡು ವಿಷಯ ಕಲಿಯಬಹುದು. ಮೊದಲನೆಯದು ಕತ್ತರಿಸುವುದು. ಆ ಬಾಯಿ ಎಲ್ಲವನ್ನೂ ಮೊದಲು ಅರೆಬೇಯಿಸಿ, ಆರಿಸಿ, ಕಡಲೆಕಾಳಿನಷ್ಟು ಸಣ್ಣಗೆ ಕತ್ತರಿಸುತ್ತಾರೆ. ಕೂತು ಕತ್ತರಿಸಲು ಮಧ್ಯಾಹ್ನವೆಲ್ಲ ಬೇಕು. ಆದರೆ ತಟ್ಟೆಯಲ್ಲಿ ಯಾವುದು ಮಾಂಸ, ಯಾವುದು ಲಿವರ್ ಅಂತ ತಿಳಿಯುವುದಿಲ್ಲ. ಹೆದರುವವರಿಗೆ ದೊಡ್ಡ ತುಂಡೇ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮಕ್ಕಳು ಹಾಗೇ ಶುರು ಮಾಡಿದ್ದು.

ಎರಡನೆಯದು ಹುಳಿ. ತೆಂಗಿನ ಸೇಂದಿಯ ವಿನೆಗರಿನಲ್ಲಿ ಕೆಂಪು ಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ ಅರೆಯುತ್ತಾರೆ. ಆ ಹುಳಿ ಲಿವರ್‌ನ ಭಾರವನ್ನು ಕತ್ತರಿಸುತ್ತದೆ. ಮಾಡಿದ ದಿನ ತಿನ್ನುವುದಿಲ್ಲ, ದಿನಾ ಒಮ್ಮೆ ಚೆನ್ನಾಗಿ ಕುದಿಸಿ ಇಟ್ಟು ಮೂರನೇ ದಿನ "ಸಣ್ಣ" ಅನ್ನುವ ಅಕ್ಕಿ ಇಡ್ಲಿ ಜೊತೆ ಬಡಿಸುತ್ತಾರೆ. ನಾನು ಮರಿಯ ಗುಂಡಿಗೆ, ಲಿವರ್, ಸ್ವಲ್ಪ ಕೊಬ್ಬಿನ ಮಾಂಸ ಸೇರಿಸಿ ಹಾಗೇ ಮಾಡುತ್ತೇನೆ. ಜೋಳದ ರೊಟ್ಟಿಗೆ ಭಾಳ ಚಲೋ ಆಗುತ್ತದೆ. ಗೋವಾ ವಿನೆಗರ್ ಪುಣೆಯಲ್ಲಿ ಕ್ಯಾಂಪ್ ಕಡೆ ವಿಚಾರಿಸಿ.

ಕುಂದಾಪ್ರ ಕಾವಲಿ

ಇಲ್ಲಿ ಲಿವರ್ ಗಟ್ಟಿಯಾಗುವುದಿಲ್ಲವೇ ಅಂತ ಯಾರಾದರೂ ಕೇಳಬಹುದು. ಆಗುತ್ತದೆ. ಆದರೆ ಅಷ್ಟು ಸಣ್ಣಗೆ ಕತ್ತರಿಸಿ, ಹುಳಿಯಲ್ಲಿ ಎರಡು ದಿನ ಕೂತ ಮೇಲೆ ಅದು ಮಸಾಲೆಯಲ್ಲೇ ಕರಗಿ ಸಾರು ದಪ್ಪ ಮಾಡುತ್ತದೆ. ಅದೂ ಒಂದು ಹದ. ನಡುವೆ ನಿಲ್ಲಿಸಿದರೆ ಮಾತ್ರ ಕಷ್ಟ.

ಡೋಂಗ್ರಿ ನಡಿಗೆ (ಮುಂಬೈ)

ಮಾಡುವ ಮೊದಲು ಒಮ್ಮೆ ಒಳ್ಳೆಯದನ್ನು ತಿಂದು ಬನ್ನಿ ಅಂತ ನನ್ನ ಸಲಹೆ. ಹೇಗಿರಬೇಕು ಅಂತ ನಾಲಿಗೆಗೆ ಗೊತ್ತಿದ್ದರೆ ಕೈ ತಾನೇ ಕಲಿಯುತ್ತದೆ. ಮುಂಬೈಗೆ ಬಂದರೆ ಭೇಂಡಿ ಬಜಾರ್, ಮೊಹಮ್ಮದ್ ಅಲಿ ರೋಡ್ ಕಡೆ ಭೇಜಾ (ಮಿದುಳು) ಫ್ರೈ, ಸೀಖಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಕಲೇಜಿ, ಗುರ್ದಾ (ಕಿಡ್ನಿ) ಎಲ್ಲ ಸಿಗುತ್ತದೆ. ಬೊಹ್ರಿ ಮೊಹಲ್ಲಾದ ಬಾರಾ ಹಂಡಿಗೆ ಬೆಳಿಗ್ಗೆ ಬೇಗ ಹೋಗಿ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಪಾಯಾ (ಕಾಲು), ನಲ್ಲಿ (ಮಜ್ಜೆಯ ಮೂಳೆ) ಬೇರೆ ಬೇರೆ ಹಂಡೆಗಳಲ್ಲಿರುತ್ತವೆ, ಕೇಳಿದ್ದನ್ನು ಬೆರೆಸಿ ಕೊಡುತ್ತಾರೆ. ದೊಡ್ಡ ಪ್ರಾಣಿಯದ್ದು (ಎಮ್ಮೆ, ಕೋಣ) ಬೇಡದವರು ಮೊದಲೇ ಕೇಳಿಕೊಳ್ಳಿ, ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ.

ಮೀರಾ ರೋಡ್ ಮಂದಿ

ಕಿಡ್ನಿ ಒಂದು ಉಳಿಯಿತು. ನನಗೆ ಎಷ್ಟು ತೊಳೆದರೂ ಮೂತ್ರದ ವಾಸನೆ ಬರುತ್ತದೆ.

ಕುಂದಾಪ್ರ ಕಾವಲಿ

ಹೊರಗೆ ಎಷ್ಟು ತೊಳೆದರೂ ಹೋಗುವುದಿಲ್ಲ, ವಾಸನೆ ಇರುವುದು ಒಳಗಿನ ಬಿಳಿ ತಿರುಳಲ್ಲಿ. ಉದ್ದಕ್ಕೆ ಎರಡು ಹೋಳು ಮಾಡಿ, ಕತ್ತರಿಯ ತುದಿಯಿಂದ ಆ ಬಿಳಿ ನಾಳ, ಕೊಬ್ಬು ಪೂರ್ತಿ ತೆಗೆಯಿರಿ. ಉಪ್ಪು, ವಿನೆಗರ್ ಹಾಕಿದ ತಣ್ಣೀರಲ್ಲಿ ಅರ್ಧ ಗಂಟೆ ಬಿಟ್ಟು, ಒರೆಸಿ, ಲಿವರ್ ಹಾಗೇ ಜೋರು ಉರಿಯಲ್ಲಿ ಹುರಿಯಿರಿ. ಮುದಿ ಹೋತದ್ದಾದರೆ ಬಿಟ್ಟುಬಿಡಿ.

ಚಿಂಚವಾಡ ಅಡುಗೆಮನೆ

ಇವತ್ತು ಇದೆಲ್ಲ ನಮ್ಮ ಗುಂಪಿನಲ್ಲಿ ಓದಿ ಹೇಳಿದೆ. ಬೇಡ ಅಂದಿದ್ದ ಎರಡು ಮನೆಯವರು "ಮೊದಲು ನಿಮ್ಮಲ್ಲಿ ತಿಂದು ನೋಡುತ್ತೇವೆ" ಅಂದರು. ನನಗೆ ಅಷ್ಟೇ ಬೇಕಿತ್ತು. ಬೋಟಿ ತೊಳೆಯಲು ಮಂಡ್ಯದ ಅತ್ತೆಯವರೊಬ್ಬರು ತಾವಾಗೇ ಬರುತ್ತೇನೆ ಅಂದಿದ್ದಾರೆ. ತಲೆಯನ್ನೂ ತೆಗೆದುಕೊಳ್ಳುತ್ತಿದ್ದೇವೆ. ಈಗ ಒಂದೇ ಪ್ರಶ್ನೆ. ಇರುವುದು ಒಂದೇ ಮಿದುಳು, ಗುಡ್ಡೆಗೆ ಹಂಚುವುದು ಹೇಗೆ?

ಕುಂದಾಪ್ರ ಕಾವಲಿ

ಹಂಚಬೇಡಿ, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ಮನೆಯಲ್ಲಿ ಮಾಡಿ. ಅಂಗಡಿಯವರಿಗೆ ತಲೆ ಹುಷಾರಾಗಿ ಒಡೆಯಲು ಹೇಳಿ, ಮೂಳೆ ಚೂರು ಸೇರಬಾರದು. ಮಿದುಳನ್ನು ತಣ್ಣೀರಲ್ಲಿ ಅರ್ಧ ಗಂಟೆ ಬಿಡಿ. ಮೇಲಿನ ತೆಳು ಪೊರೆ, ಕೆಂಪು ನರ ನೀರೊಳಗೇ ಬೆರಳಲ್ಲಿ ಬಿಡಿಸಿ, ಹೊರಗೆ ತೆಗೆದು ಬಿಡಿಸಿದರೆ ಒಡೆಯುತ್ತದೆ. ಅರಿಶಿನ, ಉಪ್ಪು ಹಾಕಿದ ನೀರು ಸಣ್ಣಗೆ ಕುದಿಯುವಾಗ ಇಳಿಬಿಟ್ಟು ಐದಾರು ನಿಮಿಷ. ಗಟ್ಟಿಯಾದ ಮೇಲೆ ತೆಗೆದು ಆರಿಸಿ ಸಣ್ಣ ತುಂಡು ಮಾಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಕಾಳುಮೆಣಸು ಹುರಿದು ಅದಕ್ಕೆ ಆರೇಳು ಮೊಟ್ಟೆ ಒಡೆದು ಹಾಕಿ. ಮೊಟ್ಟೆ ಅರ್ಧ ಗಟ್ಟಿಯಾಗುವಾಗ ಮಿದುಳು ಸೇರಿಸಿ, ಒಂದೆರಡು ಸಲ ಮಾತ್ರ ತಿರುವಿ. ಮೊಟ್ಟೆ ಪೂರ್ತಿ ಗಟ್ಟಿಯಾಗುತ್ತಲೇ ಇಳಿಸಿ ಕೊತ್ತಂಬರಿ ಸೊಪ್ಪು ಉದುರಿಸಿ. ಎಲ್ಲರಿಗೂ ಒಂದೊಂದು ಚಮಚ ಬರುತ್ತದೆ. ಯೂರಿಕ್ ಆಸಿಡ್ ಅಣ್ಣನಿಗೆ ಬೇರೆ ಮೊಟ್ಟೆ ಮಾಡಿಕೊಡಿ.